ಕಡತ ಯಾರ ಮೇಜಿನ ಮೇಲಿದೆ? ಮಲೆನಾಡಿನ ಕಾಮಗಾರಿಗಳಿಗೆ ತಕ್ಕ ಕಾರ್ಯಸರಣಿ ರೂಪಿಸುವ ಬಗೆ

ಆರ್ಥಿಕ ವರ್ಷವು ಏಪ್ರಿಲ್ 1ರಂದು ಆರಂಭವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಗಾಡಿನಲ್ಲಿ ಕಾಮಗಾರಿಯ ವರ್ಷವೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಮಳೆ. ಆ ದಿನಗಳಲ್ಲಿ ಹಳ್ಳದ ಪಾತ್ರದಲ್ಲಿ ಅಡಿಪಾಯ ತೆಗೆಯುವಂತಿಲ್ಲ. ಮಣ್ಣಿನ ಏರು ರಸ್ತೆಯಲ್ಲಿ ಜಲ್ಲಿಯ ಲಾರಿ ಹತ್ತುವುದಿಲ್ಲ. ನವೆಂಬರ್‌ನಿಂದ ಅರೇಬಿಕಾ ಕಾಫಿಯ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ ಕೊಯ್ಲು. ಆಗ ಕೂಲಿಯವರು ತೋಟಗಳಲ್ಲಿರುತ್ತಾರೆ. ಕೊನೆಗೆ ಹಳ್ಳದ ಕೆಲಸಕ್ಕೆ ನಿಶ್ಚಿಂತೆಯಿಂದ ಸಿಗುವುದು ಫೆಬ್ರವರಿಯಿಂದ ಮೇ ತಿಂಗಳವರೆಗಿನ ಅವಧಿ ಮಾತ್ರ. ಈ ನಾಲ್ಕು ತಿಂಗಳು ಆರಂಭವಾಗುವಷ್ಟರಲ್ಲಿ ಕಡತವು ಮಂಜೂರಾತಿ ಪಡೆದು ಕಾರ್ಯಾದೇಶದ ಹಂತಕ್ಕೆ ಬಂದಿರಬೇಕು. ಬಾರದಿದ್ದರೆ ನಷ್ಟವಾಗುವುದು ಒಂದೆರಡು ವಾರವಲ್ಲ, ಇಡೀ ಒಂದು ವರ್ಷ.

ಈ ಲೇಖನದ ಉದ್ದೇಶ, ಕಾಮಗಾರಿ ನಿರ್ವಹಣೆಯ ತಂತ್ರಾಂಶದಲ್ಲಿ ನಮ್ಮ ಪಂಚಾಯಿತಿಗೆ ಒಪ್ಪುವ ಕಾರ್ಯಸರಣಿಯನ್ನು, ಅಂದರೆ ಕಂಪ್ಯೂಟರ್ ಬಲ್ಲವರು ವರ್ಕ್‌ಫ್ಲೋ ಎನ್ನುವುದನ್ನು, ನಾವೇ ರೂಪಿಸಿಕೊಳ್ಳುವ ಬಗೆಯನ್ನು ವಿವರಿಸುವುದು. ಅದಕ್ಕೆ ಮೊದಲು ಅದರ ಅಗತ್ಯ ನನಗೆ ಮನದಟ್ಟಾದ ಸಂದರ್ಭವನ್ನು ಹೇಳುವುದು ಉಚಿತ.

ಒಂದು ಕಾಲುಸಂಕದ ಕಡತ

ಹಿಂದೆ ನಾನು ಕಾರ್ಯನಿರ್ವಹಿಸಿದ ಪಂಚಾಯಿತಿಯೊಂದರಲ್ಲಿ ಒಂದು ಹಳ್ಳಕ್ಕೆ ಕಾಲುಸಂಕ ಮಂಜೂರಾಗಬೇಕಿತ್ತು. ಹಳ್ಳದ ಆಚೆ ಹತ್ತಾರು ಮನೆಗಳು ಮತ್ತು ತೋಟದ ಲೈನ್ ಮನೆಗಳು. ಈಚೆ ಶಾಲೆ, ಅಂಗನವಾಡಿ, ಬಸ್ಸು ನಿಲ್ಲುವ ಜಾಗ. ಜನರು ಅಡಿಕೆ ಮರದ ಎರಡು ದಬ್ಬೆಗಳನ್ನು ಹಾಸಿ ದಾಟುತ್ತಿದ್ದರು. ಡಿಸೆಂಬರ್‌ನಲ್ಲಿ ಅಂದಾಜು ಪಟ್ಟಿ ಮೇಲಿನ ಕಚೇರಿಗೆ ಹೋಯಿತು. ಜನವರಿಯಲ್ಲಿ, ಒಂದು ಬದಿಯ ಕಟ್ಟೆ ಬೀಳುವ ಜಾಗದ ಒಡೆತನದ ಬಗ್ಗೆ ಸ್ಪಷ್ಟನೆ ಬೇಕೆಂಬ ಟಿಪ್ಪಣಿಯೊಂದಿಗೆ ಅದು ಇಂಜಿನಿಯರ್ ಶಾಖೆಗೆ ಮರಳಿತು. ಆ ಸ್ಪಷ್ಟನೆಯನ್ನು ಪಂಚಾಯಿತಿಯೇ ಒದಗಿಸುತ್ತದೆ ಎಂದು ಶಾಖೆಯವರು ಭಾವಿಸಿದರು. ಕಡತ ಇನ್ನೂ ಮೇಲಿನ ಕಚೇರಿಯಲ್ಲಿಯೇ ಇದೆ ಎಂದು ನಾನು ಭಾವಿಸಿದ್ದೆ. ನಾವು ಇಟ್ಟುಕೊಂಡಿದ್ದ ಪ್ರಗತಿ ಪಟ್ಟಿಯಲ್ಲಿ ಆ ಕಾಮಗಾರಿಯ ಮುಂದೆ ಪ್ರತಿ ತಿಂಗಳೂ ‘ಪ್ರಗತಿಯಲ್ಲಿದೆ’ ಎಂದೇ ಬರೆಯಲಾಗುತ್ತಿತ್ತು. ಯಾರೂ ಸುಳ್ಳು ಬರೆದಿರಲಿಲ್ಲ. ಏಪ್ರಿಲ್‌ನಲ್ಲಿ ವಿಷಯ ತಿಳಿದು ಓಡಾಡಿ ಒಪ್ಪಿಗೆ ಪತ್ರ ತರುವಷ್ಟರಲ್ಲಿ ಮೇ ಅರ್ಧ ಕಳೆದಿತ್ತು. ಆ ಮಳೆಗಾಲದಲ್ಲಿಯೂ ಮಕ್ಕಳು ದಬ್ಬೆಯ ಮೇಲೆಯೇ ದಾಟಿದರು. ನೀರು ಏರಿದ ದಿನ ಮನೆಯಲ್ಲಿಯೇ ಉಳಿದರು.

ಮುಂದಿನ ವಾರ್ಡ್ ಸಭೆಯಲ್ಲಿ ತಾಯಿಯೊಬ್ಬರು, “ಪ್ರಗತಿಯಲ್ಲಿದೆ ಅಂತ ಹೋದ ಸಲನೂ ಹೇಳಿದ್ರಿ ಸಾರ್, ಅಷ್ಟರಲ್ಲಿ ಹಳ್ಳ ಬಂತು” ಎಂದರು. ಅವರಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಆ ಪದವು ಕೆಲಸದ ಸ್ಥಿತಿಯನ್ನು ತಿಳಿಸುತ್ತಿರಲಿಲ್ಲ, ಮರೆಮಾಡುತ್ತಿತ್ತು ಎಂಬುದು ಅಂದು ಅರ್ಥವಾಯಿತು.

ಈಗಿರುವ ತಂತ್ರಾಂಶಗಳು ಮತ್ತು ಅವುಗಳ ನಡುವಿನ ಅಂತರ

ನಮ್ಮಲ್ಲಿ ತಂತ್ರಾಂಶಗಳ ಕೊರತೆಯಿಲ್ಲ. ಇಲಾಖೆಯ ಗಾಂಧಿ ಸಾಕ್ಷಿ ಕಾಯಕ ಹಾಗೂ ಪಂಚತಂತ್ರ, 2020ರ ಏಪ್ರಿಲ್ 24ರಂದು ಆರಂಭವಾದ ಕೇಂದ್ರದ ಇ-ಗ್ರಾಮ ಸ್ವರಾಜ್, ಉದ್ಯೋಗ ಖಾತ್ರಿಯ ನರೇಗಾಸಾಫ್ಟ್ ಇವೆಲ್ಲವೂ ಇವೆ. ಇವು ಅಧಿಕೃತ ದಾಖಲೆಗಳು. ಯೋಜನೆ ಯಾವುದು, ಮಂಜೂರಾತಿ ಎಷ್ಟು, ಪಾವತಿ ಯಾವಾಗ ಎಂಬುದನ್ನು ಅವು ದಾಖಲಿಸುತ್ತವೆ. ಆದರೆ ಎರಡು ನಮೂದುಗಳ ನಡುವಿನ ದಿನಗಳಲ್ಲಿ ಕಾಗದ ಯಾವ ಮೇಜಿನ ಮೇಲೆ, ಯಾವ ಕಾರಣಕ್ಕೆ ನಿಂತಿದೆ ಎಂಬುದು ಆಯಾ ಕಚೇರಿಯ ಒಳಗಿನ ಸಂಗತಿ. ಕಾಲುಸಂಕದ ಕಡತ ಕಳೆದುಹೋದದ್ದು ಈ ನಡುವಿನ ದಿನಗಳಲ್ಲಿ. ಕಚೇರಿಯ ಆಂತರಿಕ ಕಾರ್ಯಸರಣಿ ಇರಬೇಕಾದದ್ದು ಅಲ್ಲಿಗೆ. ಅದು ಅಧಿಕೃತ ತಂತ್ರಾಂಶಗಳ ಬದಲಿಯಲ್ಲ. ಅವುಗಳಿಗೆ ಮುನ್ನ ಮತ್ತು ಅವುಗಳ ನಡುವೆ ನಡೆಯುವ ಕೆಲಸದ ಲೆಕ್ಕ.

ಇಂಥ ವ್ಯವಸ್ಥೆಯ ಮಾದರಿ ನಮಗೆ ಹೊಸದಲ್ಲ. 2011ರ ಕರ್ನಾಟಕ ನಾಗರಿಕ ಸೇವಾ ಖಾತರಿ ಕಾಯ್ದೆ, ಅಂದರೆ ನಾವು ಸಕಾಲ ಎಂದು ಕರೆಯುವ ವ್ಯವಸ್ಥೆ, ಪ್ರತಿ ಸೇವೆಗೂ ಒಬ್ಬ ಪದನಾಮಿತ ಅಧಿಕಾರಿಯನ್ನು, ಇಷ್ಟೇ ದಿನಗಳೆಂಬ ಗಡುವನ್ನು ಮತ್ತು ಮೇಲ್ಮನವಿಯ ದಾರಿಯನ್ನು ಗೊತ್ತುಪಡಿಸಿತು. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರವನ್ನೂ ವಿಧಿಸಿತು. ಮೇಜು ಯಾರದು, ದಿನ ಎಷ್ಟು, ನಿಂತರೆ ಮುಂದೇನು ಎಂಬ ಈ ಮೂರು ಪ್ರಶ್ನೆಗಳನ್ನು ನಮ್ಮ ಕಾಮಗಾರಿ ಕಡತಗಳಿಗೂ ಕೇಳಿಕೊಂಡರೆ ಕಾರ್ಯಸರಣಿ ತಾನಾಗಿಯೇ ರೂಪ ತಳೆಯುತ್ತದೆ.

ಮೊದಲು ಕಾಗದದ ಮೇಲೆ

ತಂತ್ರಾಂಶ ತೆರೆಯುವ ಮೊದಲು, ಮುಗಿದಿರುವ ನಾಲ್ಕೈದು ಹಳೆಯ ಕಡತಗಳನ್ನು ಎದುರಿಗಿಟ್ಟುಕೊಂಡು ಅವು ನಿಜವಾಗಿ ಸಾಗಿದ ದಾರಿಯನ್ನು ಬರೆಯಬೇಕು. ನಿಯಮದ ಪ್ರಕಾರ ಸಾಗಬೇಕಾದ ದಾರಿಯನ್ನಲ್ಲ. ನಾವು ಹೀಗೆ ಬರೆದಾಗ ದೊರೆತ ಹಂತಗಳು ಹತ್ತು. ಪ್ರತಿಯೊಂದರ ಹೊಣೆ ಯಾರದು ಮತ್ತು ಆ ಹಂತಕ್ಕೆ ಬರಲು ಏನಿರಬೇಕು ಎಂಬುದು ಹೀಗಿದೆ.

1. ಕ್ರಿಯಾ ಯೋಜನೆಯಲ್ಲಿದೆ: ಹೊಣೆ ಕಾರ್ಯದರ್ಶಿ. ಗ್ರಾಮ ಸಭೆಯ ನಿರ್ಣಯದ ಸಂಖ್ಯೆ ಮತ್ತು ದಿನಾಂಕ ಬೇಕು.

2. ಜಾಗದ ಪರಿಶೀಲನೆಯಲ್ಲಿದೆ: ಹೊಣೆ ಅಭಿವೃದ್ಧಿ ಅಧಿಕಾರಿ. ಸರ್ವೆ ನಂಬರು ಬೇಕು. ಈ ಹಂತದಿಂದ ಹೊರಹೋಗಲು ಪಹಣಿ, ಖಾಸಗಿ ಜಾಗವಾದರೆ ಒಪ್ಪಿಗೆ ಪತ್ರ, ಅರಣ್ಯದ ಅಂಚಾದರೆ ಗಡಿಯ ಸ್ಪಷ್ಟನೆ ಇರಬೇಕು.

3. ಅಂದಾಜು ಪಟ್ಟಿ ತಯಾರಾಗುತ್ತಿದೆ: ಹೊಣೆ ಕಿರಿಯ ಇಂಜಿನಿಯರ್.

4. ಮಂಜೂರಾತಿಗೆ ಹೋಗಿದೆ: ಹೊಣೆ ಉಪವಿಭಾಗದಲ್ಲಿ ಕಡತ ನೋಡಿಕೊಳ್ಳುವವರು. ಕಳುಹಿಸಿದ ಪತ್ರದ ಸಂಖ್ಯೆ ಬೇಕು.

5. ತಿದ್ದುಪಡಿಗೆ ಮರಳಿದೆ: ಯಾರು ಸರಿಪಡಿಸಬೇಕೋ ಅವರ ಹೆಸರು ಮತ್ತು ಕಾರಣ ಕಡ್ಡಾಯ.

6. ಕಾರ್ಯಾದೇಶಕ್ಕೆ ಸಿದ್ಧವಿದೆ: ಹೊಣೆ ಅಭಿವೃದ್ಧಿ ಅಧಿಕಾರಿ. ಟೆಂಡರ್ ಅನ್ವಯಿಸುವಲ್ಲಿ ಅದರ ಪ್ರಕ್ರಿಯೆಯೂ ಇದರಲ್ಲಿಯೇ ಸೇರುತ್ತದೆ.

7. ನೆಲದ ಮೇಲೆ ನಡೆಯುತ್ತಿದೆ: ಹೊಣೆ ಕಿರಿಯ ಇಂಜಿನಿಯರ್. ಕೆಲಸಕ್ಕೆ ಮುಂಚಿನ ಜಾಗದ ಚಿತ್ರ ಬೇಕು.

8. ತಡೆಯಲ್ಲಿದೆ: ಮಳೆ, ಕೂಲಿಯವರ ಅಭಾವ, ಆನೆ ಸಂಚಾರ, ಸಾಮಗ್ರಿ ಎಂಬ ನಾಲ್ಕರಲ್ಲಿ ಒಂದು ಕಾರಣವನ್ನೂ ಮತ್ತೆ ನೋಡಬೇಕಾದ ದಿನಾಂಕವನ್ನೂ ನಮೂದಿಸಬೇಕು.

9. ಅಳತೆ ಮತ್ತು ಬಿಲ್ಲಿನಲ್ಲಿದೆ: ಅಳತೆ ಪುಸ್ತಕದ ಸಂಖ್ಯೆ ಮತ್ತು ಪುಟ ಬೇಕು.

10. ಮುಗಿದಿದೆ: ಅಂತಿಮ ಚಿತ್ರ ಮತ್ತು ಆಸ್ತಿ ವಹಿಯ ನಮೂದು ಬೇಕು.

ಈ ಪಟ್ಟಿಯಲ್ಲಿ ‘ಪ್ರಗತಿಯಲ್ಲಿದೆ’ ಎಂಬ ಹಂತ ಇಲ್ಲದಿರುವುದನ್ನು ಗಮನಿಸಬೇಕು. ಹಂತದ ಹೆಸರು ಓದಿದೊಡನೆ ಕಡತ ಯಾರ ಬಳಿ ಇದೆ ಎಂದು ತಿಳಿಯದಿದ್ದರೆ ಆ ಹೆಸರನ್ನು ಬದಲಿಸಬೇಕು. ಒಂದು ಹಂತಕ್ಕೆ ಇಬ್ಬರು ಹೊಣೆಗಾರರಿದ್ದರೆ ಅದನ್ನು ಎರಡಾಗಿ ಒಡೆಯಬೇಕು. ಹಾಗೆಂದು ಇಪ್ಪತ್ತು ಹಂತ ಮಾಡಿದರೆ ಡೇಟಾ ಎಂಟ್ರಿ ಆಪರೇಟರ್ ಎರಡನೇ ವಾರವೇ ಕೈಬಿಡುತ್ತಾರೆ. ಹತ್ತು ಹನ್ನೆರಡು ಸಾಕು.

ಎಂಟನೆಯ ಹಂತ ಮಲೆನಾಡಿಗೆ ವಿಶೇಷವಾದದ್ದು. ಮಳೆಯಿಂದ ನಿಂತ ಕೆಲಸವನ್ನೂ ನಿರ್ಲಕ್ಷ್ಯದಿಂದ ನಿಂತ ಕೆಲಸವನ್ನೂ ‘ಬಾಕಿ’ ಎಂಬ ಒಂದೇ ಪದದಲ್ಲಿ ಸೇರಿಸಿದರೆ ಎರಡಕ್ಕೂ ಅನ್ಯಾಯವಾಗುತ್ತದೆ. ಆನೆಗಳ ಹಿಂಡು ಇರುವ ವಾರ್ಡಿನಲ್ಲಿ ಬೆಳಗಿನ ಜಾವ ಕೆಲಸಕ್ಕೆ ಬರಲು ಜನರು ಹೆದರುವುದು ಸಹಜ. ಅದನ್ನು ಹಾಗೆಯೇ ಬರೆಯುವ ಅವಕಾಶ ಇರಬೇಕು. ಆದರೆ ಮತ್ತೆ ನೋಡುವ ದಿನಾಂಕವಿಲ್ಲದೆ ಈ ಹಂತಕ್ಕೆ ಯಾವ ಕಾಮಗಾರಿಯನ್ನೂ ಕಳುಹಿಸಕೂಡದು. ಇಲ್ಲವಾದರೆ ಮಳೆಯ ಹೆಸರಿನಲ್ಲಿ ಕಡತಗಳು ಡಿಸೆಂಬರ್‌ವರೆಗೂ ಮಲಗಿರುತ್ತವೆ.

ತಂತ್ರಾಂಶದಲ್ಲಿ ಅಳವಡಿಸುವುದು

ನಾವು ಬಳಸಿದ್ದು ರೆಡ್‌ಮೈನ್ ಎಂಬ ಮುಕ್ತ ತಂತ್ರಾಂಶ. 2006ರಿಂದ ಬಳಕೆಯಲ್ಲಿರುವ ಇದಕ್ಕೆ ಪರವಾನಗಿ ಶುಲ್ಕವಿಲ್ಲ. ಕಚೇರಿಯ ಒಂದು ಕಂಪ್ಯೂಟರಿನಲ್ಲಿ ಸ್ಥಾಪಿಸಿ ಒಳ ಜಾಲದಲ್ಲಿಯೇ ನಡೆಸಬಹುದು. ಹಂತಗಳ ಹೆಸರನ್ನು ಕನ್ನಡದಲ್ಲಿಯೇ ಟೈಪ್ ಮಾಡಬಹುದು. ಇದು ತಂತ್ರಾಂಶ ತಯಾರಕರಿಗಾಗಿ ಹುಟ್ಟಿದ್ದರಿಂದ ಮೊದಲೇ ಬರುವ ಹಂತಗಳು ‘ನ್ಯೂ’, ‘ಇನ್ ಪ್ರೋಗ್ರೆಸ್’, ‘ರಿಸಾಲ್ವ್ಡ್’ ಎಂಬಂಥವು. ಅವನ್ನು ಹಾಗೆಯೇ ಬಳಸಿದರೆ ನಮ್ಮ ಹಳೆಯ ತೊಂದರೆಯೇ ಕಂಪ್ಯೂಟರಿಗೆ ಬಂದಂತಾಗುತ್ತದೆ. ನಿರ್ವಾಹಕರ ಲಾಗಿನ್‌ನಿಂದ ‘ಅಡ್ಮಿನಿಸ್ಟ್ರೇಷನ್’ ಪುಟ ತೆರೆದು ಈ ಕ್ರಮದಲ್ಲಿ ಸಾಗಬೇಕು.

ಮೊದಲನೆಯದಾಗಿ, ‘ಇಶ್ಯೂ ಸ್ಟೇಟಸಸ್’ನಲ್ಲಿ ಮೇಲಿನ ಹತ್ತು ಹಂತಗಳನ್ನು ಸೇರಿಸಬೇಕು. ಹತ್ತನೆಯದಕ್ಕೆ ಮಾತ್ರ ‘ಇಶ್ಯೂ ಕ್ಲೋಸ್ಡ್’ ಎಂಬ ಗುರುತು ಹಾಕಬೇಕು.

ಎರಡನೆಯದಾಗಿ, ‘ಟ್ರ್ಯಾಕರ್ಸ್’ನಲ್ಲಿ ಕಾಮಗಾರಿಯ ಬಗೆಗಳನ್ನು ಮಾಡಬೇಕು. ಅನುದಾನದ ಕಾಮಗಾರಿ ಒಂದು, ಉದ್ಯೋಗ ಖಾತ್ರಿ ಕಾಮಗಾರಿ ಇನ್ನೊಂದು. ಎರಡಕ್ಕೂ ಒಂದೇ ಸರಣಿ ಸಾಲದು. 2005ರ ಉದ್ಯೋಗ ಖಾತ್ರಿ ಕಾಯ್ದೆಯು ಕೂಲಿಯನ್ನು 15 ದಿನಗಳೊಳಗೆ ಪಾವತಿಸಬೇಕೆಂದು ವಿಧಿಸಿತು. 2017ರ ನವೆಂಬರ್‌ನಿಂದ ಕೆಲಸದ ಮುನ್ನ, ನಡುವೆ ಮತ್ತು ನಂತರ ಎಂದು ಮೂರು ಬಾರಿ ಸ್ಥಳಚಿತ್ರ ತೆಗೆಯುವ ಪದ್ಧತಿ ಬಂದಿದೆ. ಹೀಗಾಗಿ ಅದರಲ್ಲಿ ಹಾಜರಾತಿ ಪಟ್ಟಿ ಮುಗಿದ ದಿನದಿಂದ ಪಾವತಿ ಆದೇಶದವರೆಗಿನ ಭಾಗವನ್ನು ಪ್ರತ್ಯೇಕ ಹಂತವಾಗಿ ಇಡಬೇಕು.

ಮೂರನೆಯದಾಗಿ, ‘ರೋಲ್ಸ್ ಅಂಡ್ ಪರ್ಮಿಷನ್ಸ್’ನಲ್ಲಿ ಪಾತ್ರಗಳನ್ನು ರಚಿಸಬೇಕು: ಅಭಿವೃದ್ಧಿ ಅಧಿಕಾರಿ, ಕಾರ್ಯದರ್ಶಿ, ಕಿರಿಯ ಇಂಜಿನಿಯರ್, ಆಪರೇಟರ್. ಉಪವಿಭಾಗದವರಿಗೆ ನಮ್ಮ ಒಳ ಜಾಲದ ಲಾಗಿನ್ ಇರುವುದಿಲ್ಲವಾದ್ದರಿಂದ ನಾಲ್ಕನೆಯ ಹಂತದ ಬೆಳವಣಿಗೆಯನ್ನು ಕಿರಿಯ ಇಂಜಿನಿಯರ್ ನಮೂದಿಸುವಂತೆ ಮಾಡಬಹುದು. ಅಧ್ಯಕ್ಷರು ಮತ್ತು ಸದಸ್ಯರಿಗೆ ನೋಡುವ ಅವಕಾಶವಿದ್ದರೆ ಸಾಕು.

ನಾಲ್ಕನೆಯದು ಮುಖ್ಯವಾದದ್ದು. ‘ವರ್ಕ್‌ಫ್ಲೋ’ ಪುಟದಲ್ಲಿ ಒಂದು ಪಾತ್ರ, ಒಂದು ಟ್ರ್ಯಾಕರ್ ಆರಿಸಿದಾಗ ಒಂದು ಚೌಕಪಟ್ಟಿ ಬರುತ್ತದೆ. ಅಡ್ಡಸಾಲು ಈಗಿನ ಹಂತ, ಕಂಬಸಾಲು ಮುಂದಿನ ಹಂತ. ಆ ಪಾತ್ರದವರು ಎಲ್ಲಿಂದ ಎಲ್ಲಿಗೆ ಕಡತ ಸರಿಸಬಹುದೋ ಅಲ್ಲಿ ಮಾತ್ರ ಗುರುತು ಹಾಕಬೇಕು. ಉದಾಹರಣೆಗೆ, ಎರಡನೆಯ ಹಂತದಿಂದ ಮೂರಕ್ಕೆ ಕಳುಹಿಸುವ ಅಧಿಕಾರ ಅಭಿವೃದ್ಧಿ ಅಧಿಕಾರಿಗೆ ಮಾತ್ರ. ಎರಡರಿಂದ ನೇರವಾಗಿ ನಾಲ್ಕಕ್ಕೆ ಯಾರಿಗೂ ದಾರಿಯಿಲ್ಲ. ಐದರಿಂದ ಎರಡಕ್ಕೂ ಮೂರಕ್ಕೂ ದಾರಿ ಇರಬೇಕು, ಏಕೆಂದರೆ ತಿದ್ದುಪಡಿ ಜಾಗದ್ದೂ ಇರಬಹುದು, ಲೆಕ್ಕದ್ದೂ ಇರಬಹುದು. ಹೊಸದಾಗಿ ಸೇರಿಸಿದ ಹಂತಗಳು ಈ ಪಟ್ಟಿಯಲ್ಲಿ ಕಾಣದಿದ್ದರೆ ಗಾಬರಿಯಾಗಬೇಕಿಲ್ಲ. ಈ ಟ್ರ್ಯಾಕರಿನಲ್ಲಿ ಬಳಕೆಯಲ್ಲಿರುವ ಹಂತಗಳನ್ನಷ್ಟೇ ತೋರಿಸು ಎಂಬ ಆಯ್ಕೆಯ ಗುರುತನ್ನು ತೆಗೆದರೆ ಎಲ್ಲವೂ ಕಾಣುತ್ತವೆ. ನಾನು ಒಂದು ಮಧ್ಯಾಹ್ನ ಪೂರ್ತಿ ಇದರಲ್ಲಿ ಕಳೆದಿದ್ದೇನೆ.

ಐದನೆಯದಾಗಿ, ‘ಕಸ್ಟಮ್ ಫೀಲ್ಡ್ಸ್’ನಲ್ಲಿ ನಮಗೆ ಬೇಕಾದ ಅಂಕಣಗಳನ್ನು ಮಾಡಬೇಕು: ಸರ್ವೆ ನಂಬರು, ನಿರ್ಣಯದ ಸಂಖ್ಯೆ, ತಡೆಯ ಕಾರಣ, ಮರಳಿದ ಕಾರಣ, ಮತ್ತೆ ನೋಡುವ ದಿನ, ಈ ಹಂತಕ್ಕೆ ಬಂದ ದಿನ. ಪ್ರತಿ ಅಂಕಣ ಯಾವ ಟ್ರ್ಯಾಕರಿಗೆ ಮತ್ತು ಯಾವ ಪ್ರಾಜೆಕ್ಟಿಗೆ ಎಂದು ಗುರುತಿಸದಿದ್ದರೆ ಅದು ಅರ್ಜಿಯ ಪುಟದಲ್ಲಿ ಕಾಣಿಸುವುದಿಲ್ಲ. ಬಳಿಕ ವರ್ಕ್‌ಫ್ಲೋ ಪುಟದ ‘ಫೀಲ್ಡ್ಸ್ ಪರ್ಮಿಷನ್ಸ್’ ವಿಭಾಗದಲ್ಲಿ ಯಾವ ಹಂತದಲ್ಲಿ ಯಾವ ಅಂಕಣ ಕಡ್ಡಾಯ ಎಂದು ನಿಗದಿಪಡಿಸಬೇಕು. ‘ತಿದ್ದುಪಡಿಗೆ ಮರಳಿದೆ’ ಹಂತದಲ್ಲಿ ಕಾರಣ ಮತ್ತು ಹೊಣೆಗಾರರ ಹೆಸರು ಕಡ್ಡಾಯವಾದರೆ, ಅವೆರಡನ್ನೂ ತುಂಬದೆ ಕಡತವನ್ನು ಆ ಹಂತಕ್ಕೆ ತರಲು ತಂತ್ರಾಂಶ ಬಿಡುವುದಿಲ್ಲ. ನನ್ನ ಕಾಲುಸಂಕದ ಕಡತಕ್ಕೆ ಬೇಕಾಗಿದ್ದುದು ಈ ಒಂದು ಕಡ್ಡಾಯ ಮಾತ್ರ.

ಕೊನೆಯದಾಗಿ, ಪರೀಕ್ಷೆ. ನಿರ್ವಾಹಕರ ಲಾಗಿನ್‌ಗೆ ಎಲ್ಲ ಪಾತ್ರಗಳ ದಾರಿಗಳೂ ತೆರೆದಿರುವುದರಿಂದ ಅದರಿಂದ ನೋಡಿದರೆ ಎಲ್ಲವೂ ಸರಿಯಿದ್ದಂತೆ ತೋರುತ್ತದೆ. ಆಪರೇಟರ್ ಮತ್ತು ಕಿರಿಯ ಇಂಜಿನಿಯರ್ ಲಾಗಿನ್‌ಗಳಿಂದ ಹಳೆಯ ಎರಡು ಕಡತಗಳನ್ನು ಮೊದಲಿನಿಂದ ಕೊನೆಯವರೆಗೆ ಸಾಗಿಸಿ ನೋಡಬೇಕು. ಎಲ್ಲಿ ದಾರಿ ಮುಚ್ಚಿದೆ ಎಂದು ಆಗ ತಿಳಿಯುತ್ತದೆ.

ದಿನಗಳನ್ನು ಹಿಂದಿನಿಂದ ಎಣಿಸುವುದು

ಹಂತಗಳು ಸಿದ್ಧವಾದ ಮೇಲೆ ಗಡುವುಗಳನ್ನು ಏಪ್ರಿಲ್‌ನಿಂದ ಮುಂದಕ್ಕೆ ಎಣಿಸಬಾರದು, ಮಳೆಯಿಂದ ಹಿಂದಕ್ಕೆ ಎಣಿಸಬೇಕು. ಐದು ಮೀಟರ್ ಅಗಲದ ಹಳ್ಳಕ್ಕೆ ಕಾಂಕ್ರೀಟ್ ಹಲಗೆಯ ಕಾಲುಸಂಕ ಎಂದುಕೊಳ್ಳೋಣ. ಐಎಸ್ 456ರ ಪ್ರಕಾರ ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿನದಕ್ಕೆ ಕನಿಷ್ಠ 10 ದಿನ ನೀರುಣಿಸಬೇಕು. 4.5 ಮೀಟರಿಗಿಂತ ಹೆಚ್ಚಿನ ಅಂತರದ ಹಲಗೆಯ ಅಡಿಯ ಊರುಗಂಬಗಳನ್ನು 14 ದಿನ ತೆಗೆಯುವಂತಿಲ್ಲ. ಆ ಊರುಗಂಬಗಳು ನಿಲ್ಲುವುದು ಹಳ್ಳದ ಪಾತ್ರದಲ್ಲಿಯೇ. ಮೇ 31ರೊಳಗೆ ಅವು ಹೊರಬರಬೇಕಾದರೆ ಮೇ 17ರೊಳಗೆ ಹಲಗೆಗೆ ಕಾಂಕ್ರೀಟ್ ಬಿದ್ದಿರಬೇಕು. ಎರಡು ಬದಿಯ ಕಟ್ಟೆಗಳಿಗೆ, ನಡುವೆ ಬರಬಹುದಾದ ಹೂಮಳೆಗೆ, ಸಾಮಗ್ರಿ ಸಾಗಣೆಗೆ ದಿನ ಬಿಟ್ಟರೆ ಮಾರ್ಚ್ ಮೊದಲ ವಾರದಲ್ಲಿ ಕಾರ್ಯಾದೇಶ ಕೈಯಲ್ಲಿರಬೇಕು. ಹಾಗಾದರೆ ಜಾಗದ ಪರಿಶೀಲನೆಗೆ ಸರಿಯಾದ ತಿಂಗಳು ಯಾವುದು? ಮಳೆಗಾಲವೇ. ಹಾರೆ ಹಿಡಿಯಲಾಗದ ಆಗಸ್ಟ್ ತಿಂಗಳಿನಲ್ಲಿ ಪಹಣಿ ತೆಗೆಯಬಹುದು, ಒಪ್ಪಿಗೆ ಪತ್ರ ಪಡೆಯಬಹುದು, ಹಳ್ಳದ ನೀರು ಎಲ್ಲಿಯವರೆಗೆ ಏರುತ್ತದೆ ಎಂಬ ಗುರುತನ್ನೂ ಕಣ್ಣಾರೆ ಕಂಡು ಅಂದಾಜು ಪಟ್ಟಿಗೆ ಸೇರಿಸಬಹುದು. ಮಳೆಗಾಲವನ್ನು ಬಿಡುವಿನ ಕಾಲವೆಂದು ಭಾವಿಸಿದ್ದೇ ನಮ್ಮ ಅನೇಕ ವಿಳಂಬಗಳ ಮೂಲ.

ಸೋಮವಾರದ ಹದಿನೈದು ನಿಮಿಷ

ಸರಣಿ ರೂಪಿಸಿದರೆ ಸಾಲದು, ಅದನ್ನು ನೋಡಬೇಕು. ಒಂದೇ ಹಂತದಲ್ಲಿ 15 ದಿನಕ್ಕಿಂತ ಹೆಚ್ಚು ನಿಂತ ಕಡತಗಳ ಪಟ್ಟಿಯನ್ನು ರೆಡ್‌ಮೈನ್‌ನ ‘ಕಸ್ಟಮ್ ಕ್ವೆರಿ’ಯಾಗಿ ಉಳಿಸಿಕೊಳ್ಳಬಹುದು. ಇಲ್ಲಿ ಒಂದು ಎಚ್ಚರ ಅಗತ್ಯ. ‘ಅಪ್‌ಡೇಟೆಡ್’ ದಿನಾಂಕವನ್ನು ಆಧರಿಸಿದರೆ, ಯಾರಾದರೂ ಬರಿದೆ ಒಂದು ಟಿಪ್ಪಣಿ ಬರೆದರೂ ಕಡತ ಹೊಸದಾದಂತೆ ಕಾಣುತ್ತದೆ. ಆದ್ದರಿಂದ ‘ಈ ಹಂತಕ್ಕೆ ಬಂದ ದಿನ’ ಎಂಬ ಪ್ರತ್ಯೇಕ ಅಂಕಣವನ್ನು ಆಧರಿಸಬೇಕು. ಹಂತ ಬದಲಿಸುವವರು ಆ ದಿನಾಂಕವನ್ನೂ ಬದಲಿಸುವ ರೂಢಿ ಮಾಡಿಕೊಳ್ಳಬೇಕು. ಹಂತ ಬದಲಾಯಿಸಿದವರು ಯಾರು, ಯಾವಾಗ ಎಂಬುದು ಕಡತದ ಚರಿತ್ರೆಯಲ್ಲಿ ತಾನಾಗಿ ಉಳಿಯುವುದರಿಂದ ಅನುಮಾನ ಬಂದಲ್ಲಿ ಹೋಲಿಸಿ ನೋಡಬಹುದು.

ಸೋಮವಾರ ಬೆಳಿಗ್ಗೆ ಈ ಪಟ್ಟಿಯನ್ನು ಮುದ್ರಿಸಿ ಹದಿನೈದು ನಿಮಿಷ ಎಲ್ಲರೂ ಕೂತು ನೋಡುವುದು ನಮ್ಮ ಪದ್ಧತಿ. ಕೇಳುವ ಪ್ರಶ್ನೆ ‘ಯಾಕೆ ಮಾಡಲಿಲ್ಲ’ ಎಂಬುದಲ್ಲ, ‘ಇದು ಮುಂದಕ್ಕೆ ಹೋಗಲು ಯಾರಿಗೆ ಏನು ಬೇಕು’ ಎಂಬುದು. ಈ ಪಟ್ಟಿ ಸಿಬ್ಬಂದಿಯನ್ನು ಬೈಯುವ ಕೋಲಾದ ದಿನ, ಎಲ್ಲರೂ ಕಡತಗಳನ್ನು ಪಟಪಟನೆ ಮುಂದಿನ ಹಂತಕ್ಕೆ ತಳ್ಳಿ ತಮ್ಮ ಹೆಸರನ್ನು ತಪ್ಪಿಸಿಕೊಳ್ಳುತ್ತಾರೆ. ಆಗ ತಂತ್ರಾಂಶ ಇದ್ದೂ ಇಲ್ಲದಂತೆಯೇ.

ಕೆಲವು ಮಿತಿಗಳು

ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಫಲಾನುಭವಿಗಳ ಖಾಸಗಿ ವಿವರಗಳನ್ನು ಈ ಆಂತರಿಕ ವ್ಯವಸ್ಥೆಯಲ್ಲಿ ಹಾಕಕೂಡದು. ಅಳತೆ ಪುಸ್ತಕ, ನಡಾವಳಿ ಪುಸ್ತಕ ಮತ್ತು ಇಲಾಖೆಯ ತಂತ್ರಾಂಶಗಳಲ್ಲಿ ಇರುವುದೇ ದಾಖಲೆ. ಇದು ಅವುಗಳಿಗೆ ಕೈಮರ ಮಾತ್ರ. ಎರಡು ಕಡೆ ನಮೂದಿಸುವ ಹೊರೆ ಆಪರೇಟರ್ ಮೇಲೆ ಬೀಳುವುದರಿಂದ ಅಂಕಣಗಳನ್ನು ಕನಿಷ್ಠಕ್ಕೆ ಇಳಿಸಬೇಕು. ವಿದ್ಯುತ್ ಮತ್ತು ನೆಟ್‌ವರ್ಕ್ ಕೈಕೊಡುವ ಮಳೆಗಾಲದ ದಿನಗಳಿಗಾಗಿ ವಾರಕ್ಕೊಮ್ಮೆ ಪಟ್ಟಿಯ ಮುದ್ರಿತ ಪ್ರತಿಯನ್ನು ಕಡತಕ್ಕೆ ಸೇರಿಸಬೇಕು. ರೆಡ್‌ಮೈನ್ ಅಳವಡಿಸಲು ಅನುಕೂಲವಿಲ್ಲದ ಪಂಚಾಯಿತಿಗಳು ಇದೇ ಹತ್ತು ಹಂತಗಳನ್ನು ಎಕ್ಸೆಲ್ ಹಾಳೆಯಲ್ಲಿ, ಅದೂ ಆಗದಿದ್ದರೆ ಕಚೇರಿಯ ಗೋಡೆಯ ಕರಿಹಲಗೆಯ ಮೇಲೆ ಬರೆದು ಆರಂಭಿಸಬಹುದು. ಹಂತ, ಹೊಣೆಗಾರ, ದಿನಾಂಕ ಈ ಮೂರು ಇದ್ದರೆ ಉಪಕರಣ ಯಾವುದಾದರೂ ಆದೀತು.

ಎಲ್ಲ ಕಾಮಗಾರಿಗಳನ್ನೂ ಒಮ್ಮೆಗೇ ತುಂಬಲು ಹೊರಡದೆ, ಹಳ್ಳ ದಾಟುವ ಕಾಮಗಾರಿಗಳಿಂದ ಆರಂಭಿಸುವಂತೆ ಸಹೋದ್ಯೋಗಿಗಳಲ್ಲಿ ವಿನಂತಿ. ನಮ್ಮ ಎರಡು ತಾಲ್ಲೂಕುಗಳಲ್ಲಿ ಗಡುವು ತಪ್ಪಿದರೆ ವರ್ಷ ಕಳೆಯುವ ಕೆಲಸಗಳು ಅವೇ. ಮೇಲೆ ಹೇಳಿದ ಕಾಲುಸಂಕವು ಮುಂದಿನ ಬೇಸಿಗೆಯಲ್ಲಿ ಪೂರ್ಣಗೊಂಡಿತು. ಅದಕ್ಕೆ ಬೇಕಾಗಿದ್ದ ಒಪ್ಪಿಗೆ ಪತ್ರ ಒಂದು ಪುಟದ್ದು. ಜಾಗದ ಮಾಲೀಕರು ಕೇಳಿದ ದಿನವೇ ಸಹಿ ಮಾಡಿಕೊಟ್ಟರು. ಮೂರು ತಿಂಗಳ ಕಾಲ ಅವರನ್ನು ಯಾರೂ ಕೇಳಿರಲಿಲ್ಲ.